ಬಕ್ಷೀಸುಪತ್ರದಲ್ಲಿ ಬರೆಯದೆ ಉಳಿದ ವಾಕ್ಯ

ಬರಗಾಲದ ಸೀಮೆಯೆಂದು ತಲೆತಲಾಂತರಗಳಿಂದ ಹೆಸರಾಗಿದ್ದ ವಿಜಯಪುರ ಜಿಲ್ಲೆಯ ಪಡುಭಾಗದಲ್ಲಿ ಮೊದಲು ಕೊಳವೆಬಾವಿಗಳೂ, ಅವು ಬತ್ತಿದಾಗ ಟ್ಯಾಂಕರುಗಳೂ, ಕಟ್ಟಕಡೆಗೆ ತುಬಚಿ-ಬಬಲೇಶ್ವರ ಏತ ನೀರಾವರಿಯ ದ್ವಾರಾ ಕೃಷ್ಣೆಯ ನೀರೂ ಬಂದು, ತಿಕೋಟಾ ಬಬಲೇಶ್ವರಗಳ ಸುತ್ತಿನ ಒಣಭೂಮಿ ದ್ರಾಕ್ಷಿಯ ಪಡಗಳಾಗಿ ರೂಪಾಂತರ ಹೊಂದಿದ ಮೇಲೆ, ಒಂದು ಕಾಲಕ್ಕೆ ಮಗಳ ಲಗ್ನಕ್ಕೆಂದು ಮಾರಹೊರಟರೂ ಕೊಳ್ಳುವವರು ಸಿಕ್ಕದಿದ್ದ ಎಕರೆಗೆ ಅದರ ಒಡೆಯನು ತನ್ನ ಆಯುಷ್ಯದಲ್ಲಿ ಎಂದೂ ಕೇಳಿರದಿದ್ದ ಬೆಲೆ ಬಂದಿತು. ವಿಜಯಪುರ ನಗರದ ಅಂಚಿನ ಹೊಲಗಳ ಕಥೆಯೂ ಇದಕ್ಕಿಂತ ಭಿನ್ನವಲ್ಲ. ಅಲ್ಲಿ ಹೊಲವು ಬಿನಶೇತ್ಕಿಯಾಗಿ (ಎಂದರೆ ಕೃಷಿಯೇತರ ಭೂಮಿಯಾಗಿ), ಬಿನಶೇತ್ಕಿಯು ಪ್ಲಾಟುಗಳಾಗಿ, ಪ್ಲಾಟುಗಳು ಕೈಯಿಂದ ಕೈಗೆ ದಾಟುತ್ತ ಬೆಲೆಯನ್ನು ಇಮ್ಮಡಿ ಮುಮ್ಮಡಿಯಾಗಿ ಏರಿಸಿಕೊಂಡವು. ಭೂಮಿಗೆ ಬೆಲೆ ಬಂದಾಗ ಅದರ ಒಡೆಯನಿಗೂ ಮನೆಯಲ್ಲಿ ಬೆಲೆ ಬರಬೇಕಾದದ್ದು ನ್ಯಾಯ. ಆದರೆ ಆ ಒಡೆಯನು ಎಪ್ಪತ್ತನ್ನು ದಾಟಿದವನೂ, ಕಣ್ಣು ಮಂಜಾದವನೂ, ಹೊಲಕ್ಕೆ ಹೋಗಿಬರಲು ಮಗನ ಮೋಟಾರು ಸೈಕಲ್ಲಿನ ಹಿಂದೆ ಕೂಡಬೇಕಾದವನೂ ಆಗಿದ್ದ ಪಕ್ಷದಲ್ಲಿ ಬೆಲೆ ಬರುವುದು ಅವನಿಗಲ್ಲ, ಅವನ ಹೆಬ್ಬೆಟ್ಟಿಗೆ.

ಇದನ್ನು ಓದಿದೊಡನೆ ಮಕ್ಕಳನ್ನೆಲ್ಲ ದುರುಳರ ಸಾಲಿನಲ್ಲಿ ನಿಲ್ಲಿಸುವುದು ಈ ಲೇಖಕನ ಉದ್ದೇಶವೆಂದು ಯಾರೂ ಭಾವಿಸಬಾರದು. ಬ್ಯಾಂಕು ಬೆಳೆಸಾಲ ಕೊಡಬೇಕಾದರೆ ಹೊಲದ ಉತಾರ, ಅಂದರೆ ಪಹಣಿ, ಸಾಲ ಕೇಳಿದವನ ಹೆಸರಿನಲ್ಲಿರಬೇಕಾಗುತ್ತದೆ. ಹನಿ ನೀರಾವರಿಯ ಸಹಾಯಧನಕ್ಕೂ ಬೆಳೆವಿಮೆಗೂ ಮೊದಲು ಕೇಳುವ ಕಾಗದ ಉತಾರವೇ. ಪಡದಲ್ಲಿ ನಿಂತು ಚಾಟ್ನಿ ಮಾಡಿಸುವವನು, ಔಷಧ ಹೊಡೆಸುವವನು, ಒಣದ್ರಾಕ್ಷಿಗೆ ದರ ಸಿಕ್ಕದ ವರ್ಷ ಸಾಲಗಾರರಿಗೆ ಮುಖ ತೋರಿಸಬೇಕಾದವನು ಮಗನಾಗಿದ್ದು, ಕಾಗದದ ಮೇಲೆ ಮಾತ್ರ ತಂದೆಯೇ ಒಡೆಯನಾಗಿ ಉಳಿದಿರುವುದರಲ್ಲಿ ಮಗನಿಗೆ ಒಂದು ನಿಜವಾದ ತೊಡಕಿದೆಯೆಂಬುದನ್ನು ಒಪ್ಪಲೇಬೇಕು. “ನಿನ್ನ ಹೆಸರಲೆ ಇದ್ರೇನು, ನಮ್ಮ ಹೆಸರಲೆ ಇದ್ರೇನಪ್ಪಾ, ಎಲ್ಲಾ ಒಂದಽ ಅಲ್ಲೇನು?” ಎಂದು ಮಗನು ಕೇಳುವಾಗ ಅನೇಕ ವೇಳೆ ಅವನ ಮನಸ್ಸಿನಲ್ಲಿ ವಂಚನೆಯಿರುವುದಿಲ್ಲ. ವಂಚನೆ ಹುಟ್ಟುವುದಾದರೆ ಅದು ಆಮೇಲೆ, ಹೆಸರು ಬದಲಾದ ಉತಾರ ಕೈಗೆ ಬಂದು, ತಂದೆಯ ಒಪ್ಪಿಗೆ ಇನ್ನು ಯಾವ ಕಾಗದಕ್ಕೂ ಬೇಕಾಗಿಲ್ಲವೆಂಬುದು ಮನೆಯಲ್ಲಿ ಎಲ್ಲರಿಗೂ ತಿಳಿದ ಮೇಲೆ, ಒಂದೊಂದಾಗಿ ಹೊರಬೀಳತಕ್ಕ ಸಣ್ಣ ಸಣ್ಣ ಅನಾದರಗಳ ರೂಪದಲ್ಲಿ ಹುಟ್ಟುತ್ತದೆ. ಮಾತ್ರೆ ತೀರಿದ್ದನ್ನು ಎರಡು ಸಲ ಹೇಳಬೇಕಾಗುತ್ತದೆ. ಹಾಸಿಗೆ ನಡುಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಕಣದ ಶೆಡ್ಡಿಗೆ ಸಾಗುತ್ತದೆ. ಇಬ್ಬರು ಮೂವರು ಗಂಡುಮಕ್ಕಳಿದ್ದ ಮನೆಗಳಲ್ಲಿ ಊಟಕ್ಕೆ ತಿಂಗಳ ಪಾಳಿ ಏರ್ಪಟ್ಟು, ಮೂವತ್ತೊಂದನೆಯ ದಿನದ ರೊಟ್ಟಿ ಯಾರ ಲೆಕ್ಕಕ್ಕೆ ಸೇರಬೇಕೆಂಬುದು ವಾದದ ವಿಷಯವಾಗುತ್ತದೆ.

ಹೀಗೆ ಹೆಸರು ಬದಲಿಸುವ ಕಾಗದವು ಹುಟ್ಟುವ ಪರಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಉಪನೋಂದಣಾಧಿಕಾರಿಯ ಕಚೇರಿಯ ಎದುರಿನ ಅಂಗಡಿಯಲ್ಲಿ ಪತ್ರ ಬರೆಯುವವನು ಗಣಕಯಂತ್ರದಲ್ಲಿ ಹಳೆಯದೊಂದು ಬಕ್ಷೀಸುಪತ್ರವನ್ನು, ಅಂದರೆ ದಾನಪತ್ರವನ್ನು, ತೆರೆದು, ಹೆಸರು, ವಯಸ್ಸು, ಸರ್ವೇ ನಂಬರು, ಚಕ್ಕುಬಂದಿಗಳನ್ನು ಬದಲಿಸಿ, ಉಳಿದುದನ್ನು ಇದ್ದಂತೆಯೇ ಇಡುತ್ತಾನೆ. ‘ನಿಮ್ಮ ಮೇಲಿನ ಪ್ರೀತಿ ವಿಶ್ವಾಸಗಳಿಂದ, ಯಾರ ಒತ್ತಾಯವಾಗಲಿ ಪ್ರಚೋದನೆಯಾಗಲಿ ಇಲ್ಲದೆ, ಸ್ವಸಂತೋಷದಿಂದ ಈ ಸ್ವತ್ತನ್ನು ನಿಮಗೆ ಕೊಟ್ಟು, ಈ ದಿವಸವೇ ನಿಮ್ಮ ಕಬ್ಜೆಗೆ ಬಿಟ್ಟಿರುತ್ತೇನೆ, ಇನ್ನು ಮುಂದೆ ಇದರಲ್ಲಿ ನನಗಾಗಲಿ ನನ್ನ ವಾರಸುದಾರರಿಗಾಗಲಿ ಯಾವ ಹಕ್ಕೂ ಇರುವುದಿಲ್ಲ’ ಎಂಬ ಅರ್ಥದ ವಾಕ್ಯಗಳು ಆ ಹಳೆಯ ಪತ್ರದಿಂದ ಈ ಹೊಸ ಪತ್ರಕ್ಕೆ, ಈ ಪತ್ರದಿಂದ ನಾಳಿನ ಪತ್ರಕ್ಕೆ ಹರಿದುಬರುತ್ತವೆ. ಒತ್ತಾಯವಿರಲಿಲ್ಲವೆಂಬ ಪ್ರಮಾಣವು ಮುದುಕನು ಬಸ್ಸಿನಿಂದ ಇಳಿಯುವುದಕ್ಕೆ ಮೊದಲೇ ಸಿದ್ಧವಾಗಿರುತ್ತದೆಂಬುದನ್ನು ಗಮನಿಸಬೇಕು. ‘ಕಾವೇರಿ’ ತಂತ್ರಾಂಶ ಬಂದ ಮೇಲೆ ಕಚೇರಿಯೊಳಗಿನ ಕೆಲಸ ಇನ್ನೂ ತ್ವರಿತವಾಗಿದೆ. ಭಾವಚಿತ್ರ, ಬೆರಳಚ್ಚು, ಇಬ್ಬರು ಸಾಕ್ಷಿಗಳು, ‘ಈ ಪತ್ರವನ್ನು ನೀವೇ ಬರೆದುಕೊಟ್ಟಿದ್ದೀರಷ್ಟೆ?’ ಎಂಬ ಒಂದು ಪ್ರಶ್ನೆ, ‘ಹೌದ್ರಿ’ ಎಂಬ ಒಂದು ಉತ್ತರ. ಇಷ್ಟರಲ್ಲಿ ನಲವತ್ತು ವರ್ಷಗಳ ಒಕ್ಕಲುತನ ಕೈ ಬದಲಿಸಿಬಿಡುತ್ತದೆ.

ಆ ಪತ್ರದಲ್ಲಿ ಇರಬೇಕಾಗಿದ್ದು ಇಲ್ಲದೆಹೋದದ್ದು ಒಂದೇ ಒಂದು ವಾಕ್ಯ. ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಅಧಿನಿಯಮವೆಂದು 2007ರಲ್ಲಿ ಸಂಸತ್ತು ಮಾಡಿದ, ನಮ್ಮ ರಾಜ್ಯದಲ್ಲಿ 2008ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಕಾನೂನಿನ 23ನೆಯ ಕಲಮು ಹೇಳುವುದೇನೆಂದರೆ, 60 ವರ್ಷ ತುಂಬಿದ ಯಾವನೇ ವ್ಯಕ್ತಿಯು ತನ್ನ ಮೂಲಭೂತ ಸೌಕರ್ಯಗಳನ್ನೂ ದೈಹಿಕ ಅಗತ್ಯಗಳನ್ನೂ ಪಡೆದವನು ನೋಡಿಕೊಳ್ಳತಕ್ಕದ್ದೆಂಬ ಷರತ್ತಿಗೆ ಒಳಪಡಿಸಿ ತನ್ನ ಸ್ವತ್ತನ್ನು ದಾನದಿಂದಾಗಲಿ ಅನ್ಯರೀತಿಯಿಂದಾಗಲಿ ಕೊಟ್ಟಿದ್ದು, ಪಡೆದವನು ಆ ಷರತ್ತನ್ನು ನಡೆಸದೆಹೋದರೆ, ಆ ವರ್ಗಾವಣೆಯು ವಂಚನೆಯಿಂದಲೋ ಬಲಾತ್ಕಾರದಿಂದಲೋ ಅನುಚಿತ ಪ್ರಭಾವದಿಂದಲೋ ಆದದ್ದೆಂದು ಭಾವಿಸಲ್ಪಟ್ಟು, ಕೊಟ್ಟವನು ಇಚ್ಛಿಸಿದಲ್ಲಿ ನ್ಯಾಯಮಂಡಳಿಯು ಅದನ್ನು ಶೂನ್ಯವೆಂದು ಘೋಷಿಸಬಹುದು. ಸಾಮಾನ್ಯ ಕಾನೂನಿನಲ್ಲಿ, ಅಂದರೆ 1882ರ ಸ್ವತ್ತು ವರ್ಗಾವಣೆ ಅಧಿನಿಯಮದಲ್ಲಿ, ಒಮ್ಮೆ ನೋಂದಣಿಯಾದ ದಾನವನ್ನು ಕೊಟ್ಟವನು ತನ್ನ ಮನಸ್ಸು ಬದಲಾಯಿತೆಂದು ಹಿಂದಕ್ಕೆ ಪಡೆಯುವಂತಿಲ್ಲವೆಂಬುದನ್ನು ನೆನೆದರೆ, ಈ ಕಲಮು ಎಷ್ಟು ದೊಡ್ಡ ಬಾಗಿಲನ್ನು ತೆರೆಯಿತೆಂಬುದು ಮನಗಾಣುತ್ತದೆ. ಆದರೆ ಬಾಗಿಲಿಗೆ ಒಂದು ಅಗಣಿಯಿದೆ. ಅದೇ ‘ಷರತ್ತಿಗೆ ಒಳಪಡಿಸಿ’ ಎಂಬ ಮಾತು.

2022ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ, ಮಕ್ಕಳಿಗೆ ಹಕ್ಕುಬಿಡುಗಡೆ ಪತ್ರ ಬರೆದುಕೊಟ್ಟ ತಾಯಿಯೊಬ್ಬಳ ಪ್ರಕರಣ ಬಂದಿತು. ಹಿರಿಯರು ಹತ್ತಿರದವರಿಗೆ ಸ್ವತ್ತನ್ನು ಕೊಡುವಾಗ ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತು ಅದರೊಂದಿಗೆ ತಾನಾಗಿ ಅಂಟಿಬರುವುದಿಲ್ಲ, ಪ್ರತಿಫಲಾಪೇಕ್ಷೆಯಿಲ್ಲದೆ ಕೇವಲ ಪ್ರೀತಿಯಿಂದ ಕೊಡುವುದೂ ಉಂಟು, ಆದುದರಿಂದ ಷರತ್ತು ಇದ್ದಿತೆಂಬುದನ್ನು ಹೇಳಿ ಸ್ಥಾಪಿಸತಕ್ಕದ್ದೆಂಬುದು ಅಲ್ಲಿಯ ನಿರ್ಣಯ. ಪತ್ರ ಬರೆಯುವವನು ಅಭ್ಯಾಸಬಲದಿಂದ ಸೇರಿಸಿದ ‘ಪ್ರೀತಿ ವಿಶ್ವಾಸಗಳಿಂದ’ ಎಂಬ ಪದಗಳೇ ಹೀಗೆ ಹತ್ತು ವರ್ಷಗಳ ತರುವಾಯ ಮುದುಕಿಯ ಎದುರಿಗೆ ಸಾಕ್ಷಿಯಾಗಿ ನಿಲ್ಲಬಹುದು. 2025ರ ಜನವರಿ 2ರಂದು ಅದೇ ನ್ಯಾಯಾಲಯದ ಇನ್ನೊಂದು ಪೀಠ, ಮಧ್ಯಪ್ರದೇಶದ ಛತರ್‌ಪುರದ ತಾಯಿಯೊಬ್ಬಳ ಪ್ರಕರಣದಲ್ಲಿ, ಈ ಕಾನೂನು ಹಿರಿಯರ ಹಿತಕ್ಕಾಗಿ ಹುಟ್ಟಿದ್ದಾದ್ದರಿಂದ ಅದನ್ನು ಉದಾರವಾಗಿ ಅರ್ಥೈಸಬೇಕೆಂದು ಹೇಳಿ, ಮಗನಿಗೆ 2019ರಲ್ಲಿ ಕೊಟ್ಟ ದಾನವನ್ನು ರದ್ದುಪಡಿಸಿದ್ದನ್ನು ಎತ್ತಿಹಿಡಿಯಿತು. ಮಾತ್ರವಲ್ಲ, ಸ್ವತ್ತಿನ ಕಬ್ಜೆಯನ್ನು ಮರಳಿ ಕೊಡಿಸುವ ಅಧಿಕಾರವೂ ನ್ಯಾಯಮಂಡಳಿಗಿದೆಯೆಂದು ಸ್ಪಷ್ಟಪಡಿಸಿತು. ಈ ಎರಡನೆಯ ತೀರ್ಪಿನಿಂದ ಸಂತೋಷಪಡುವವರು ಒಂದು ಅಂಶವನ್ನು ಮರೆಯಬಾರದು: ಆ ತಾಯಿಯ ಕೈಯಲ್ಲಿ, ಜೀವನದ ಕೊನೆಯವರೆಗೆ ನೋಡಿಕೊಳ್ಳುವೆನೆಂದು ಮಗನು ಬರೆದುಕೊಟ್ಟಿದ್ದನೆಂದು ಆಕೆ ಹೇಳಿದ ಒಂದು ವಚನಪತ್ರವಿತ್ತು. ನಮ್ಮ ತಿಕೋಟಾದ ಮುದುಕನ ಕೈಯಲ್ಲಿ ಏನಿದೆ?

ಆದುದರಿಂದ ನನ್ನ ಅಭಿಪ್ರಾಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಷರತ್ತನ್ನು ಬರೆಯಿಸಿಕೊಳ್ಳುವ ಹೊರೆಯನ್ನು, ಓದಲು ಬಾರದ, ಬಂದರೂ ಕನ್ನಡಕದ ನಂಬರು ಬದಲಾಗಿ ವರ್ಷಗಳಾದ ಮುದುಕರ ಮೇಲೆ ಹಾಕಿರುವುದು ತಪ್ಪು. ಅದು ನೋಂದಣಿ ಕಚೇರಿಯ ಮೇಲೆ ಬೀಳತಕ್ಕ ಹೊರೆ. ಕುಟುಂಬದೊಳಗಿನ ದಾನಕ್ಕೆ ಸ್ವತ್ತಿನ ಮಾರುಕಟ್ಟೆ ಬೆಲೆಯನ್ನು ಲೆಕ್ಕಿಸದೆ ಕೆಲವೇ ಸಾವಿರ ರೂಪಾಯಿಗಳ ಮುದ್ರಾಂಕ ಶುಲ್ಕವನ್ನಿಟ್ಟು, ತಂದೆಯಿಂದ ಮಗನಿಗೆ ಆಸ್ತಿ ದಾಟುವ ದಾರಿಯನ್ನು ಸರ್ಕಾರವೇ ಇಷ್ಟು ಸುಗಮಗೊಳಿಸಿದೆ. ದಾರಿಯನ್ನು ಸುಗಮಗೊಳಿಸಿದವನು ಅದರ ಅಂಚಿಗೆ ಒಂದು ತಡೆಗೋಡೆಯನ್ನು ಕಟ್ಟುವುದು ಕರ್ತವ್ಯವಲ್ಲವೇ? 60 ದಾಟಿದವರು ಕೊಡತಕ್ಕ ಪ್ರತಿಯೊಂದು ದಾನಪತ್ರದ, ಹಕ್ಕುಬಿಡುಗಡೆ ಪತ್ರದ ನಮೂನೆಯಲ್ಲಿಯೂ, ‘ಬರೆದುಕೊಟ್ಟವರ ಅನ್ನ, ವಸ್ತ್ರ, ವಸತಿ, ಔಷಧೋಪಚಾರಗಳನ್ನು ಅವರ ಜೀವಮಾನಪರ್ಯಂತ ನಡೆಸತಕ್ಕದ್ದು, ತಪ್ಪಿದಲ್ಲಿ ಈ ವರ್ಗಾವಣೆಯು 2007ರ ಅಧಿನಿಯಮದ 23ನೆಯ ಕಲಮಿನ ಮೇರೆಗೆ ರದ್ದಿಗೆ ಪಾತ್ರವಾಗತಕ್ಕದ್ದು’ ಎಂಬ ವಾಕ್ಯ ಮೊದಲೇ ಅಚ್ಚಾಗಿರಬೇಕು, ಅದು ಬೇಡವೆನ್ನುವ ಹಿರಿಯನು, ಮಕ್ಕಳನ್ನು ಹೊರಗೆ ಕಳುಹಿಸಿದ ಕೋಣೆಯಲ್ಲಿ, ಅಧಿಕಾರಿಯ ಮುಂದೆ ಬಾಯಿಬಿಟ್ಟು ಬೇಡವೆಂದು ಹೇಳಿದ ಮೇಲೆಯೇ ಅದನ್ನು ತೆಗೆಯಬೇಕು. ಹೇಳಿದ್ದನ್ನು ಕಾಗದದಲ್ಲಿ ನಮೂದಿಸಬೇಕು. ಭಾವಚಿತ್ರ ತೆಗೆಯಲು ಸಮಯವಿರುವ ಕಚೇರಿಗೆ ಇದೊಂದು ಪ್ರಶ್ನೆಗೆ ಸಮಯವಿಲ್ಲವೆಂದರೆ ನಂಬುವುದು ಕಷ್ಟ.

ಇಲ್ಲಿ ಒಂದು ಆಕ್ಷೇಪ ಹುಟ್ಟುತ್ತದೆ. ಹೊಲವೇ ಪಿತ್ರಾರ್ಜಿತವಾಗಿರುವಾಗ ತಂದೆಯು ಕೊಡುವುದೆಂಬುದೇನು, ಮಗನು ಪಡೆಯುವುದೆಂಬುದೇನು, ಅದು ಹುಟ್ಟಿನಿಂದಲೇ ಮಗನದಲ್ಲವೇ ಎಂಬುದು. ಈ ವಾದದ ಬೇರು ನಮ್ಮ ನೆಲದಲ್ಲಿಯೇ ಇದೆ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಕಲ್ಯಾಣದಲ್ಲಿ ಕುಳಿತು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನೇ, ಪಿತಾಮಹನಿಂದ ಬಂದ ಸ್ವತ್ತಿನಲ್ಲಿ ಮಗನಿಗೆ ಜನ್ಮದಿಂದಲೇ ಸ್ವಾಮ್ಯವೆಂಬ ಸಿದ್ಧಾಂತವನ್ನು ಪ್ರತಿಷ್ಠಾಪಿಸಿದವನು. ಆಂಗ್ಲರ ನ್ಯಾಯಾಲಯಗಳು ಅದನ್ನೇ ಹಿಡಿದವು, ಇಂದಿನ ಕಾನೂನೂ ಆ ಅಡಿಗಲ್ಲಿನ ಮೇಲೆಯೇ ನಿಂತಿದೆ. ಆದರೆ ಆ ಸಿದ್ಧಾಂತವನ್ನು ಎತ್ತುವ ಮಗನು ಅದನ್ನು ಅರ್ಧಕ್ಕೆ ನಿಲ್ಲಿಸುವುದೇ ರೂಢಿ. ಪಿತ್ರಾರ್ಜಿತದಲ್ಲಿ ಕರ್ನಾಟಕವು 1994ರಲ್ಲಿ, ಇಡೀ ದೇಶವು 2005ರಲ್ಲಿ, ಹೆಣ್ಣುಮಕ್ಕಳಿಗೂ ಹುಟ್ಟಿನ ಹಕ್ಕನ್ನು ಕೊಟ್ಟಾಗಿದೆ. 2020ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಸಂದೇಹಕ್ಕೆ ಎಡೆಯಿಲ್ಲದಂತೆ ಎತ್ತಿಹಿಡಿದಿದೆ. ಪಿತ್ರಾರ್ಜಿತವೆಂದರೆ ತಂದೆಗೂ ಅದರಲ್ಲಿ ಒಂದು ಪಾಲು. ವಾಟ್ನಿ, ಅಂದರೆ ಪಾಲು ವಿಂಗಡಣೆ, ಮಾಡುವಾಗ ಗಂಡುಮಕ್ಕಳಿಗೆ ಸಮನಾಗಿ ಹೊಲವನ್ನು ಹಂಚಿ, ಅಪ್ಪನ ಪಾಲು ಎಂಬುದೊಂದು ಕಾಗದದಲ್ಲಿ ಕಾಣದೆಹೋದರೆ ಅದು ಮಿತಾಕ್ಷರೆಯೂ ಅಲ್ಲ, 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮವೂ ಅಲ್ಲ. ಇನ್ನು ಒಂದು ಸೂಕ್ಷ್ಮವನ್ನು ನಮ್ಮ ರೈತರು ತಿಳಿದಿರುವುದು ಒಳ್ಳೆಯದು: ಅವಿಭಕ್ತ ಕುಟುಂಬದ ಹೊಲದಲ್ಲಿರುವ ತನ್ನ ಅವಿಭಕ್ತ ಪಾಲನ್ನು ತಂದೆಯು ಉಳಿದವರ ಒಪ್ಪಿಗೆಯಿಲ್ಲದೆ ಒಬ್ಬ ಮಗನಿಗೆ ದಾನಪತ್ರದಿಂದ ಕೊಡಲಾರನು, ಆದರೆ ಮೃತ್ಯುಪತ್ರದಿಂದ ಕೊಡಬಲ್ಲನು. ಕೊಡಲಾಗದ ದಾರಿಯಲ್ಲಿ ಕೊಡಿಸಿಕೊಂಡು, ಕೊಡಬಹುದಾದ ದಾರಿಯ ಸುದ್ದಿಯನ್ನೇ ಎತ್ತದಿರುವ ಮಕ್ಕಳ ಬಗ್ಗೆ ಸ್ವಲ್ಪ ಸಂಶಯಪಟ್ಟರೆ ಪಾಪವಿಲ್ಲ.

ತಂದೆಯ ಸ್ಥಿತಿಗಿಂತ ತಾಯಿಯದು ಕಠಿಣತರವಾದದ್ದು. ಗಂಡನು ತೀರಿದ ಹದಿನೈದು ದಿನಗಳೊಳಗೆ, ಇನ್ನೂ ಕಣ್ಣೀರು ಆರದಿರುವಾಗ, ವಾರಸಾ ಮಾಡಿಸುವ ಕಾಗದಗಳು ಮನೆಗೆ ಬರುತ್ತವೆ. ಗಂಡನ ಸ್ವಂತ ಸ್ವತ್ತಿನಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಬದುಕಿದ್ದರೆ ಅವನ ತಾಯಿ, ಎಲ್ಲರಿಗೂ ಸಮಪಾಲೆಂಬುದು ಕಾನೂನು. ತಾಯಿಗೆ ಬಂದ ಆ ಪಾಲು ಅವಳ ಪರಿಪೂರ್ಣ ಸ್ವಾಮ್ಯದ ಸ್ವತ್ತು, ಯಾರ ಕೃಪೆಯಿಂದಲೂ ಅನುಭವಿಸತಕ್ಕದ್ದಲ್ಲ. ಆದರೂ ಹೆಣ್ಣುಮಕ್ಕಳು ಸೀರೆ ಕುಪ್ಪಸಕ್ಕೆ ಹಕ್ಕು ಬಿಟ್ಟುಕೊಡುವ ಅದೇ ಕಾಗದದಲ್ಲಿ, ಅದೇ ದಿನ, ತಾಯಿಯ ಹೆಬ್ಬೆಟ್ಟೂ ಬೀಳುತ್ತದೆ. ‘ನನಗ್ಯಾಕ ಬೇಕಪ್ಪಾ ಹೊಲಾ, ಎರಡು ರೊಟ್ಟಿ ಹಾಕಿದ್ರ ಸಾಕು’ ಎಂದು ಆಕೆ ಹೇಳುವುದನ್ನು ಊರಿನವರು ತ್ಯಾಗವೆಂದು ಕೊಂಡಾಡುತ್ತಾರೆ. ನನಗೆ ಅದರಲ್ಲಿ ತ್ಯಾಗಕ್ಕಿಂತ ಹೆಚ್ಚಾಗಿ ಭಯವೇ ಕಾಣುತ್ತದೆ. ಆ ಎರಡು ರೊಟ್ಟಿಗಳ ಮಾತನ್ನೇ ಅದೇ ಕಾಗದದಲ್ಲಿ ಬರೆಯಿಸಿದ್ದರೆ ಅದು ಷರತ್ತಾಗುತ್ತಿತ್ತು, 23ನೆಯ ಕಲಮು ಜೀವ ಪಡೆಯುತ್ತಿತ್ತು; ಬಾಯಿಮಾತಾಗಿ ಉಳಿದದ್ದರಿಂದ ಅದು ಗಾಳಿಗೆ ಹೋಯಿತು. ಉತಾರದಲ್ಲಿ ಹೆಸರು ಬದಲಾಗುವ ಮೊದಲು ಹಿತಸಂಬಂಧಿಗಳಿಗೆ ನೋಟೀಸು ಹೋಗಿ, ನಿಗದಿತ ಅವಧಿಯೊಳಗೆ ಯಾರೇ ಆಗಲಿ ತಕರಾರು ಸಲ್ಲಿಸಬಹುದೆಂದು ಭೂಕಂದಾಯ ಕಾನೂನು ಹೇಳುತ್ತದೆ. ಆ ನೋಟೀಸಿನ ಮೇಲೆ ರುಜು ಹಾಕಿ ಇಸಿದುಕೊಳ್ಳುವವನು ಸಾಮಾನ್ಯವಾಗಿ ಮಗನೇ ಆಗಿರುತ್ತಾನೆಂಬುದನ್ನು ಕಾನೂನು ಊಹಿಸಿದಂತಿಲ್ಲ.

ಬದುಕಿರುವಾಗಲೇ ಕೊಡಲೇಬೇಕೆಂಬ ನಿರ್ಬಂಧ ಎಲ್ಲಿದೆ? ಇಬ್ಬರು ಸಾಕ್ಷಿಗಳ ಸಮಕ್ಷಮ ಬರೆದ ಮೃತ್ಯುಪತ್ರಕ್ಕೆ ಮುದ್ರಾಂಕ ಶುಲ್ಕವಿಲ್ಲ, ನೋಂದಣಿಯೂ ಕಡ್ಡಾಯವಲ್ಲ, ಮನಸ್ಸು ಬದಲಾದರೆ ನಾಳೆಯೇ ಹರಿದು ಬೇರೆ ಬರೆಯಬಹುದು. ಬರೆದವನು ಕಣ್ಣು ಮುಚ್ಚುವವರೆಗೆ ಒಂದು ಗುಂಟೆಯೂ ಅವನ ಕೈಬಿಟ್ಟು ಹೋಗುವುದಿಲ್ಲ. ಆದರೂ ಮೃತ್ಯುಪತ್ರವೆಂದರೆ ಸಾವನ್ನು ಮನೆಗೆ ಕರೆದಂತೆಂದು ಹೆದರಿ ದಾನಪತ್ರಕ್ಕೆ ಸಹಿ ಹಾಕುವವರೇ ಬಹಳ. ಈ ನೆಲದವರೇ ಆದ, ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳು ಅಂಗಿಗೆ ಜೇಬನ್ನೂ ಇಡಿಸದೆ ಬಾಳಿದವರು. ಅಂಥವರು ತಮ್ಮ ದೇಹವನ್ನು ಅಗ್ನಿಗೆ ಕೊಡಬೇಕು, ಭಸ್ಮವನ್ನು ನೀರಿಗೆ ಬಿಡಬೇಕು, ಸ್ಮಾರಕವನ್ನು ಕಟ್ಟಬಾರದೆಂಬ ಅಂತಿಮ ಇಚ್ಛೆಯನ್ನು 2014ರ ಗುರುಪೂರ್ಣಿಮೆಯಂದೇ ಬರೆದಿಟ್ಟಿದ್ದರು. 2023ರ ಜನವರಿ 2ರಂದು ಅವರು ಲಿಂಗೈಕ್ಯರಾದಾಗ ಲಕ್ಷಾಂತರ ಭಕ್ತರ ನಡುವೆಯೂ ಏನು ಮಾಡಬೇಕೆಂಬುದರ ಬಗ್ಗೆ ಒಂದು ಮಾತಿನ ಗೊಂದಲವೂ ಹುಟ್ಟಲಿಲ್ಲ. ಏನೂ ಇಲ್ಲದವರು ಎಂಟು ವರ್ಷ ಮೊದಲೇ ಬರೆದಿಟ್ಟರು; ಹತ್ತೆಕರೆ ಪಡವಿದ್ದವರು ಬರೆಯಲು ಅಂಜುತ್ತಾರೆ. ಬ್ಯಾಂಕಿನ ಸಾಲಕ್ಕಾಗಿ ಹೆಸರು ಬದಲಿಸಲೇಬೇಕೆಂಬ ಸಂದರ್ಭ ಬಂದರೂ, ಸ್ವತ್ತಿನ ಆದಾಯವನ್ನೂ ಮನೆಯ ವಾಸವನ್ನೂ ತಾನೂ ತನ್ನ ಹೆಂಡತಿಯೂ ಜೀವವಿರುವವರೆಗೆ ಅನುಭವಿಸತಕ್ಕ ಹಕ್ಕನ್ನು ಇಟ್ಟುಕೊಂಡು ದಾನ ಕೊಡಬಹುದು. ಅಂಥ ದಾನ ಸಿಂಧುವೆಂದು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ಹೇಳಿದೆ. ಮುಸಲ್ಮಾನ ಮನೆಗಳಲ್ಲಿ ಹಿಬಾ, ಅಂದರೆ ದಾನ, ಬರಹವಿಲ್ಲದೆಯೂ ಸಿದ್ಧಿಸಬಹುದು, ವಸೀಯತ್ತಿಗೆ ಮೂರನೆಯ ಒಂದಂಶದ ಮಿತಿಯಿದೆ. ಆದರೆ 2007ರ ಕಾನೂನು ಯಾವ ಮತದವರನ್ನೂ ಹೊರಗಿಟ್ಟಿಲ್ಲ.

ತನ್ನ ಪರವಾಗಿ ವ್ಯವಹರಿಸಲು ಇನ್ನೊಬ್ಬನಿಗೆ ಅಧಿಕಾರ ಕೊಡುವ ವಟಮುಖತ್ಯಾರ ಪತ್ರದ ವಿಷಯದಲ್ಲಿ ಮಾತ್ರ ಒಂದು ಎಚ್ಚರಿಕೆ ಅವಶ್ಯ. ಕೊಟ್ಟವನಿಗೆ ಬುದ್ಧಿಭ್ರಮಣೆಯಾದೊಡನೆ ಆ ಅಧಿಕಾರ ತಾನಾಗಿ ಕೊನೆಗೊಳ್ಳುತ್ತದೆಂದು ನಮ್ಮ ಕರಾರು ಕಾನೂನು ಹೇಳುತ್ತದೆ. ಮರೆವಿನ ರೋಗ ಹತ್ತಿದ ಮೇಲೆಯೂ ಮುಂದುವರಿಯುವಂಥ ಅಧಿಕಾರಪತ್ರವನ್ನು, ಮೇಲ್ವಿಚಾರಣೆಯ ಏರ್ಪಾಡಿನೊಡನೆ, ಇಂಗ್ಲೆಂಡು 2005ರಲ್ಲಿಯೇ ಕಾನೂನಿನಿಂದ ಕಲ್ಪಿಸಿಕೊಂಡಿತು, ನಮ್ಮಲ್ಲಿ ಅದಿಲ್ಲ. ಆದರೆ ಹೆಂಡತಿಯ ಹೆಸರನ್ನು ಮರೆತ ಮುದುಕನ ಮುಖತ್ಯಾರ ಪತ್ರದಿಂದ ಪ್ಲಾಟು ಮಾರುವವನಿಗೆ ಈ ಕಲಮನ್ನು ಓದಿ ಹೇಳುವವರು ಯಾರು?

ಕಾನೂನಿನ ಬಾಗಿಲನ್ನು ತಟ್ಟಲು ಹೋಗಬೇಕಾದದ್ದೆಲ್ಲಿಗೆ? ತಿಕೋಟಾವೂ ಬಬಲೇಶ್ವರವೂ ಈಗ ತಾಲೂಕುಗಳಾಗಿವೆ, ತಹಶೀಲ್ದಾರರು ಹತ್ತಿರ ಬಂದಿದ್ದಾರೆ. ಆದರೆ ಹಿರಿಯ ನಾಗರಿಕರ ನ್ಯಾಯಮಂಡಳಿಯ ಅಧ್ಯಕ್ಷತೆ ಉಪವಿಭಾಗಾಧಿಕಾರಿಯದು, ಅಂದರೆ ವಿಜಯಪುರಕ್ಕೇ ಬರಬೇಕು. ತಾಯಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೀಟಿಗೆ ಹಣ ಬೇಕಿಲ್ಲ, ತಂದೆಗೆ ಬೇಕು. ಆ ಟಿಕೀಟಿನ ಹಣವನ್ನು ಅವನು ಯಾರ ಬಳಿ ಕೇಳಬೇಕೆಂಬುದು ತಮಾಷೆಯ ಮಾತಲ್ಲ. ನೋಟೀಸು ತಲುಪಿದ 90 ದಿನಗಳೊಳಗೆ ಜೀವನಾಂಶದ ಅರ್ಜಿಯನ್ನು ತೀರ್ಮಾನಿಸಬೇಕು, ಕಾರಣವಿದ್ದರೆ ಒಮ್ಮೆ 30 ದಿನ ಮುಂದೂಡಬಹುದು. ತಿಂಗಳಿಗೆ 10,000 ರೂಪಾಯಿಗಳವರೆಗೆ ಜೀವನಾಂಶ ವಿಧಿಸಬಹುದು. ಆಜ್ಞೆಯಿಂದ ತೃಪ್ತಿಯಾಗದ ಹಿರಿಯರು 60 ದಿನಗಳೊಳಗೆ ಜಿಲ್ಲಾಧಿಕಾರಿಗಳಲ್ಲಿ ಮೇಲ್ಮನವಿ ಸಲ್ಲಿಸಬಹುದು. ಅಲ್ಲಿಂದಾಚೆ ಕಲಬುರಗಿಯ ಉಚ್ಚ ನ್ಯಾಯಾಲಯದ ಪೀಠ. ಮಕ್ಕಳಿಲ್ಲದವರ ಆಸ್ತಿಗೆ ವಾರಸುದಾರನಾಗಲಿರುವ ಸೋದರಳಿಯನೂ ತಮ್ಮನ ಮಗನೂ ಈ ಹೊಣೆಯಿಂದ ಹೊರತಲ್ಲ. ಹಿರಿಯರನ್ನು ಪೂರ್ಣವಾಗಿ ತೊರೆಯುವ ಉದ್ದೇಶದಿಂದ ಎಲ್ಲಿಯಾದರೂ ಬಿಟ್ಟುಹೋದವನಿಗೆ 3 ತಿಂಗಳವರೆಗಿನ ಕಾರಾಗೃಹವೋ 5,000 ರೂಪಾಯಿಗಳವರೆಗಿನ ದಂಡವೋ ಎರಡೂ ಕೂಡಿಯೋ ಉಂಟು. ಬೆಳಗಾವಿಯ ಸರ್ಕಾರಿ ವೈದ್ಯಕೀಯ ಸಂಸ್ಥೆಯೊಂದರಲ್ಲಿಯೇ 150ಕ್ಕೂ ಹೆಚ್ಚು ವೃದ್ಧರನ್ನು ಮಕ್ಕಳು ಬಿಟ್ಟುಹೋಗಿದ್ದಾರೆಂಬ ಸಂಗತಿ 2025ರಲ್ಲಿ ಬೆಳಕಿಗೆ ಬಂದು, ಅಂಥ ಮಕ್ಕಳ ಹೆಸರಿಗಾದ ಆಸ್ತಿ ವರ್ಗಾವಣೆಯನ್ನು ರದ್ದುಮಾಡಿಸಬೇಕೆಂದು ವೈದ್ಯಕೀಯ ಶಿಕ್ಷಣ ಸಚಿವರು ಹೇಳುವಷ್ಟರ ಮಟ್ಟಿಗೆ ಹೋಯಿತೆಂದ ಮೇಲೆ, 5,000 ರೂಪಾಯಿಯ ದಂಡಕ್ಕೆ ಯಾರು ಎಷ್ಟು ಅಂಜಿದ್ದಾರೆಂಬುದು ಗೊತ್ತಾಗುತ್ತದೆ. ಜೀವನಾಂಶದ ಈ ಮಿತಿಯನ್ನು ತೆಗೆದುಹಾಕುವ, ಅಳಿಯ ಸೊಸೆಯರನ್ನೂ ಹೊಣೆಗಾರರನ್ನಾಗಿ ಮಾಡುವ ತಿದ್ದುಪಡಿ ಮಸೂದೆ 2019ರಲ್ಲಿ ಲೋಕಸಭೆಗೆ ಬಂದು, ಆ ಸಭೆಯ ಅವಧಿಯೊಂದಿಗೇ ಅಳಿದುಹೋಯಿತು.

ಈ ನ್ಯಾಯಮಂಡಳಿಯ ಮುಂದೆ ವಕೀಲರು ನಿಲ್ಲತಕ್ಕದ್ದಲ್ಲವೆಂಬುದು ಅಧಿನಿಯಮದ 17ನೆಯ ಕಲಮಿನ ಮಾತು. ಅದರ ಸದುದ್ದೇಶವನ್ನು ನಾನು ಒಪ್ಪುತ್ತೇನೆ. ಆದರೆ ವಕೀಲನು ಬೇಕಾದದ್ದು ಜಗಳ ಹುಟ್ಟಿದ ಮೇಲಲ್ಲ, ಪತ್ರ ಹುಟ್ಟುವ ದಿನ. ಫ.ಗು. ಹಳಕಟ್ಟಿಯವರು ವಕೀಲಿಯನ್ನು ನಡೆಸುತ್ತ ತಮ್ಮ ಗಳಿಕೆಯನ್ನು ವಚನಗಳ ಪ್ರಕಟಣೆಗೂ ಊರಿನ ಸಂಸ್ಥೆಗಳಿಗೂ ಸುರಿದ ನಗರವಿದು. ಇಲ್ಲಿಯ ಕಿರಿಯ ವಕೀಲರು ವಾರಕ್ಕೊಂದು ದಿನ ತಿಕೋಟಾದಲ್ಲಿಯೋ ಬಬಲೇಶ್ವರದಲ್ಲಿಯೋ ಕುಳಿತು, ಸಹಿ ಬೀಳುವುದಕ್ಕೆ ಮೊದಲು ಹಿರಿಯರಿಗೆ ಅವರ ಪತ್ರವನ್ನು ಓದಿ ಹೇಳುವ ಕೆಲಸವನ್ನು ಕೈಗೊಂಡರೆ, ಉಪವಿಭಾಗಾಧಿಕಾರಿಯ ಕೆಲಸ ಎಷ್ಟೋ ಹಗುರಾದೀತು.

ಈ ಕಾನೂನೇ ಆಯುಧವಾಗುವ ಸಂದರ್ಭಗಳೂ ಇಲ್ಲದಿಲ್ಲ. ಗಂಡನೊಡನೆ ವಿಚ್ಛೇದನದ ವ್ಯಾಜ್ಯದಲ್ಲಿದ್ದ ಸೊಸೆಯೊಬ್ಬಳನ್ನು ಅತ್ತೆಮಾವಂದಿರು ಇದೇ ಅಧಿನಿಯಮದ ಮೂಲಕ ಬೆಂಗಳೂರಿನ ಮನೆಯಿಂದ ಹೊರಹಾಕಿಸಲು ಹೊರಟಾಗ, ಹಿರಿಯರ ರಕ್ಷಣೆಯ ಹೆಸರಿನಲ್ಲಿ ಹೆಣ್ಣಿನ ಆಶ್ರಯದ ಹಕ್ಕನ್ನು ಅಳಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯವು 2020ರ ಡಿಸೆಂಬರಿನಲ್ಲಿ ತಡೆಯಿತು. ಒಬ್ಬ ಮಗನು ಇನ್ನೊಬ್ಬ ಮಗನ ಮೇಲಿನ ಸೇಡನ್ನು ತೀರಿಸಿಕೊಳ್ಳಲು ತಂದೆಯ ಹೆಸರಿನಲ್ಲಿ ಅರ್ಜಿ ಹಾಕಿಸುವುದೂ ಅಸಂಭವವಲ್ಲ. ಅಧಿಕಾರಿಯು ಮುದುಕನ ಮಾತನ್ನು ಅವನ ಬಾಯಿಂದಲೇ, ಅವನೊಬ್ಬನಿಂದಲೇ ಕೇಳಬೇಕೆಂಬುದಕ್ಕೆ ಇದೂ ಒಂದು ಕಾರಣ.

ಈಗಾಗಲೇ ಬರೆದುಕೊಟ್ಟಾಗಿದೆ, ಷರತ್ತನ್ನು ಬರೆಯಿಸಿಲ್ಲ, ಮುಂದೇನು ಎಂದು ಕೇಳುವವರು ಬಹುಶಃ ಹೆಚ್ಚಿದ್ದಾರು. 2008ರ ಏಪ್ರಿಲ್‌ನ ನಂತರದ ಪತ್ರವಾಗಿದ್ದರೆ ಅರ್ಜಿ ಸಲ್ಲಿಸಲು ಹಿಂಜರಿಯಬಾರದು. ಅರ್ಜಿಯ ಜೊತೆಗೆ ವಯಸ್ಸಿನ ಪುರಾವೆಯನ್ನೂ ಇಡಬೇಕು. ನಡೆಯಲಾಗದವನ ಪರವಾಗಿ ಅವನು ಒಪ್ಪಿ ನೇಮಿಸಿದ ಇನ್ನೊಬ್ಬರು ತರಬಹುದು, ನ್ಯಾಯಮಂಡಳಿಯು ತಾನಾಗಿಯೇ ವಿಷಯವನ್ನು ಕೈಗೆತ್ತಿಕೊಳ್ಳಲೂಬಹುದು. ಪತ್ರವಾದ ದಿನಗಳಲ್ಲಿ ಮಗನು ಫೋನಿನಲ್ಲಿ ಕಳಿಸಿದ ಸಂದೇಶ, ಊರ ಹಿರಿಯರ ಮುಂದೆ ಆಡಿದ ಮಾತು, ಪಂಚರ ಸಮಕ್ಷಮ ಬರೆದ ಒಂದು ತುಂಡು ಕಾಗದ, ಅಂದಿನಿಂದ ಇಂದಿನವರೆಗೆ ಔಷಧದ ಹಣ ಕೊಟ್ಟವರು ಯಾರೆಂಬುದರ ಚೀಟಿಗಳು, ಇವೆಲ್ಲವನ್ನೂ ಅರ್ಜಿಗೆ ಲಗತ್ತಿಸಬೇಕು. 2025ರ ತೀರ್ಪಿನ ಉದಾರದೃಷ್ಟಿಗೆ ಆಸರೆಯಾಗತಕ್ಕವು ಇಂಥವೇ. ದಾನ ರದ್ದಾಗದಿದ್ದರೂ ಜೀವನಾಂಶವನ್ನು ಕೇಳಬಹುದು, ಅದಕ್ಕೆ ಪತ್ರದಲ್ಲಿ ಷರತ್ತು ಬೇಕಿಲ್ಲ. ಕಚೇರಿಯ ದಾರಿ ತಿಳಿಯದವರಿಗೆ ಹಿರಿಯರ ಸಹಾಯವಾಣಿ 14567 ಇದೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಅಲ್ಲಿ ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ವಕೀಲರ ನೆರವು ಉಚಿತ. ಸಹಿಯನ್ನೇ ಮೋಸದಿಂದ ಹಾಕಿಸಿಕೊಂಡಿದ್ದರೆ, ಓದದೆ ಒತ್ತಿಸಿಕೊಂಡಿದ್ದರೆ, ಅದು ಸಿವಿಲ್ ನ್ಯಾಯಾಲಯದ ವಿಷಯ. ಆ ದಾವೆಯನ್ನು ಮೋಸ ತಿಳಿದ ದಿನದಿಂದ 3 ವರ್ಷಗಳೊಳಗೆ ಹೂಡಬೇಕು. ಮನೆಯ ಮರ್ಯಾದೆ ಬೀದಿಗೆ ಬರಬಾರದೆಂದು ನಾಲ್ಕನೆಯ ವರ್ಷದವರೆಗೆ ಕಾದು ಬಂದವನಿಗೆ ಆ ಬಾಗಿಲೂ ಮುಚ್ಚಿರುತ್ತದೆ.